ತುಂಡಾದ ಹಾವು: ಅಮೆರಿಕದ ಮೊದಲ ರಾಜಕೀಯ ಚಿತ್ರಗಳ ಸಂಕೇತಾರ್ಥ

ವ್ಯಂಗ್ಯಚಿತ್ರವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮಂತ್ರಿಗಳ ಉದ್ದನೆಯ ಮೂಗು, ಡೊಳ್ಳುಹೊಟ್ಟೆ, ಅದನ್ನು ನೋಡುವವನ ತುಟಿಯಂಚಿನ ನಗೆ. ಆದರೆ ‘ವ್ಯಂಗ್ಯ’ವೆಂಬ ಶಬ್ದಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲಿ ನಗೆಯೊಡನೆ ಅಂಥ ನಂಟೇನೂ ಇಲ್ಲ. ಬಾಯಿಬಿಟ್ಟು ಹೇಳದೆ ಹೊಳೆಯಿಸುವ ಅರ್ಥ ಯಾವುದೋ ಅದು ವ್ಯಂಗ್ಯ. ಅಮೆರಿಕದ ಸಂಯುಕ್ತ ಸಂಸ್ಥಾನವು ಹುಟ್ಟುವ ಮುನ್ನ ಮತ್ತು ಹುಟ್ಟಿದ ಹೊಸತರಲ್ಲಿ ಅಲ್ಲಿ ಅಚ್ಚಾದ ರಾಜಕೀಯ ಚಿತ್ರಗಳಿಗೆ ಈ ಹಳೆಯ ಅರ್ಥವೇ ಹೆಚ್ಚು ಒಪ್ಪುತ್ತದೆ. ಅವುಗಳಲ್ಲಿ ನಗೆ ಅಪರೂಪ. ಭಯ, ಸಿಟ್ಟು, ಎಚ್ಚರಿಕೆ, ಬೇಡಿಕೆ, ಇವೇ ಹೆಚ್ಚು.

ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಒಂದು ಸಣ್ಣ ಉದಾಹರಣೆಯನ್ನು ಚರ್ಚಿಸುತ್ತಾನೆ. ಸೂರ್ಯ ಮುಳುಗಿದನೆಂದು ಯಾರೋ ಅಂದರೆನ್ನಿ. ಮಾತು ಒಂದೇ. ದನ ಕಾಯುವವನಿಗೆ ಅದು ‘ದನಗಳನ್ನು ಮನೆಗೆ ಹೊಡೆ’ ಎಂದು ಕೇಳಿಸುತ್ತದೆ. ಸಂಧ್ಯಾವಂದನೆಯವನಿಗೆ ‘ಏಳು, ಹೊತ್ತಾಯಿತು’ ಎಂದು. ಶತ್ರುವಿನ ಮೇಲೆ ಬೀಳಲು ಹೊಂಚುತ್ತಿರುವವನಿಗೆ ‘ಇದೇ ಸಮಯ’ ಎಂದು. ಹೇಳಿದವನಾರು, ಕೇಳಿದವನಾರು, ಸಂದರ್ಭವೇನು ಎಂಬುದು ತಿಳಿಯದೆ ಅರ್ಥ ನಿಲ್ಲುವುದಿಲ್ಲ. ಚಿತ್ರದಲ್ಲಿ ಬರೆದ ಹಾವಿಗೂ ಇದೇ ನ್ಯಾಯ. ಬಾನುಲಿಯಲ್ಲಿ ಚಿತ್ರವನ್ನು ತೋರಿಸುವಂತಿಲ್ಲವಾದುದರಿಂದ ಕೆಲವು ಚಿತ್ರಗಳನ್ನು ಮಾತಿನಲ್ಲಿಯೇ ಬಿಡಿಸಿ ಮುಂದಿಡುತ್ತೇನೆ.

ಈ ಕಥೆಯ ಮೊದಲಲ್ಲಿ ನಿಲ್ಲತಕ್ಕವನು ಬೆಂಜಮಿನ್ ಫ್ರಾಂಕ್ಲಿನ್. ಬಾಸ್ಟನ್ನಿನಲ್ಲಿ 1706ರಲ್ಲಿ ಹುಟ್ಟಿ, ಫಿಲಡೆಲ್ಫಿಯಕ್ಕೆ ಓಡಿಬಂದು, ಮುದ್ರಣಕಾರನಾಗಿ ಬೆಳೆದು, ‘ಪೆನ್ಸಿಲ್ವೇನಿಯ ಗೆಜೆಟ್’ ಪತ್ರಿಕೆಯನ್ನು ಕೊಂಡು ನಡೆಸಿದವನು. 1747ರಲ್ಲಿ ಫ್ರೆಂಚ್ ಮತ್ತು ಸ್ಪೇನಿನ ಕೊಳ್ಳೆ ಹಡಗುಗಳು ಡೆಲವೇರ್ ನದಿಯ ಬಾಯಿಗೆ ಬಂದಾಗ, ಯುದ್ಧವನ್ನೊಲ್ಲದ ಕ್ವೇಕರ್ ಪಂಥದವರ ಹಿಡಿತದಲ್ಲಿದ್ದ ಪೆನ್ಸಿಲ್ವೇನಿಯದ ಸಭೆ ಸುಮ್ಮನೆ ಕುಳಿತಿತ್ತು. ಫ್ರಾಂಕ್ಲಿನ್ ‘ನಿಚ್ಚಳ ಸತ್ಯ’ ಎಂಬ ಹೆಸರಿನ ಕಿರುಹೊತ್ತಗೆಯೊಂದನ್ನು ಹೊರಡಿಸಿ ಅದರಲ್ಲಿ ಒಂದು ಚಿತ್ರವನ್ನು ಸೇರಿಸಿದನು. ಕೆಸರಿನಲ್ಲಿ ಹೂತ ಬಂಡಿ. ಮೊಣಕಾಲೂರಿ ಮೊರೆಯಿಡುವ ಬಂಡಿಕಾರ. ಮೋಡದ ಮೇಲೆ ಗದೆ ಹಿಡಿದು ಕುಳಿತ ಹರ್ಕ್ಯುಲಿಸ್. ಈಸೋಪನ ನೀತಿಕಥೆಯನ್ನು ಬಲ್ಲವರಿಗೆ ಬೇರೆ ವಿವರಣೆ ಬೇಡ: ನೀನೇ ಗಾಲಿಗೆ ಹೆಗಲು ಕೊಡು, ಆಮೇಲೆ ದೇವರನ್ನು ಕರೆ. ಅಮೆರಿಕದಲ್ಲಿ ಅಚ್ಚಾದ ಮೊದಲ ರಾಜಕೀಯ ಚಿತ್ರ ಇದೇ ಎಂದು ಹಲವರು ಎಣಿಸುತ್ತಾರೆ. ಆದರೆ ಅದು ಎರವಲು ತಂದ ಕಥೆ. ಸ್ವಂತದ್ದು ಬರಲು ಇನ್ನೂ ಏಳು ವರ್ಷ ಬೇಕಾಯಿತು.

ಅಟ್ಲಾಂಟಿಕ್ ಕರಾವಳಿಯುದ್ದಕ್ಕೂ ಇದ್ದ ಬ್ರಿಟಿಷ್ ವಸಾಹತುಗಳು ಆಗ ಒಂದು ದೇಶವಾಗಿರಲಿಲ್ಲ. ಒಂದೊಂದಕ್ಕೂ ಬೇರೆ ಸಭೆ, ಬೇರೆ ಕಟ್ಟಳೆ, ಒಬ್ಬರನ್ನು ಕಂಡರೆ ಒಬ್ಬರಿಗೆ ಅನುಮಾನ. ಪಶ್ಚಿಮದಲ್ಲಿ ಓಹಯೋ ನದಿಯ ಕಣಿವೆಯಲ್ಲಿ ಫ್ರೆಂಚರು ಕೋಟೆಗಳನ್ನು ಕಟ್ಟುತ್ತಿದ್ದರು. 1754ರ ಏಪ್ರಿಲ್ ತಿಂಗಳಲ್ಲಿ ವರ್ಜೀನಿಯದವರು ಇನ್ನೂ ಕಟ್ಟಿ ಮುಗಿಸದ ಪುಟ್ಟ ಕೋಟೆಯೊಂದು ಅವರ ವಶವಾಯಿತು. ಆ ಸುದ್ದಿಯನ್ನು ಹೊತ್ತ 1754ರ ಮೇ 9ರ ‘ಪೆನ್ಸಿಲ್ವೇನಿಯ ಗೆಜೆಟ್’ನಲ್ಲಿ ಸಣ್ಣದೊಂದು ಮರದಚ್ಚಿನ ಚಿತ್ರ ಬಂದಿತು. ಎಂಟು ತುಂಡಾಗಿ ಬಿದ್ದಿರುವ ಒಂದು ಹಾವು. ತುಂಡಿಗೊಂದು ವಸಾಹತಿನ ಹೆಸರಿನ ಮೊದಲಕ್ಷರ. ತಲೆಯಿಂದ ಬಾಲದವರೆಗೆ ಅವು ಭೂಪಟದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಇರುವ ಕ್ರಮದಲ್ಲಿಯೇ ಇವೆ. ಕೆಳಗೆ ಒಂದು ಸಾಲು: ‘ಕೂಡಿರಿ, ಇಲ್ಲವೆ ಸಾಯಿರಿ’. ಕಡಿದ ಹಾವನ್ನು ಹೊತ್ತು ಮುಳುಗುವುದರೊಳಗೆ ಜೋಡಿಸಿದರೆ ಅದು ಮತ್ತೆ ಬದುಕುವುದೆಂಬ ನಂಬಿಕೆ ಆ ಕಾಲದ ಜನರಲ್ಲಿ ಇದ್ದಿತೆಂದು ಹೇಳುತ್ತಾರೆ. ಅದನ್ನು ನೆನೆದರೆ ಚಿತ್ರಕ್ಕೆ ಇನ್ನೊಂದು ಅರ್ಥ ಕೂಡುತ್ತದೆ. ಹಾವು ಸತ್ತಿಲ್ಲ. ಆದರೆ ಹೊತ್ತು ಮೀರುತ್ತಿದೆ.

ಕೆಲವೇ ವಾರಗಳಲ್ಲಿ ನ್ಯೂಯಾರ್ಕಿನ, ಬಾಸ್ಟನ್ನಿನ ಪತ್ರಿಕೆಗಳು ಈ ಹಾವನ್ನು ಮತ್ತೆ ಕೆತ್ತಿಸಿ ಅಚ್ಚು ಹಾಕಿದವು. ಚಿತ್ರ ಅಷ್ಟು ಓಡಿದರೂ ಕೆಲಸ ನಡೆಯಲಿಲ್ಲ. ಅದೇ ಬೇಸಿಗೆಯಲ್ಲಿ ಆಲ್ಬನಿ ಎಂಬ ಊರಿನಲ್ಲಿ ಏಳು ವಸಾಹತುಗಳ ಪ್ರತಿನಿಧಿಗಳು ಸೇರಿ ಒಕ್ಕೂಟದ ಯೋಜನೆಯೊಂದನ್ನು ಒಪ್ಪಿದರು. ಅವರನ್ನು ಕಳುಹಿಸಿದ ಸಭೆಗಳು ಅದನ್ನು ಕೈಬಿಟ್ಟವು.

ಈ ಹಾವಿನಲ್ಲಿ ಇರುವುದನ್ನು ನೋಡಿದಂತೆ ಇಲ್ಲದ್ದನ್ನೂ ನೋಡಬೇಕು. ನ್ಯೂ ಇಂಗ್ಲೆಂಡಿನ ನಾಲ್ಕು ವಸಾಹತುಗಳು ಸೇರಿ ಒಂದೇ ತಲೆಯಾಗಿವೆ. ಪೆನ್ಸಿಲ್ವೇನಿಯದ ರಾಜ್ಯಪಾಲನೇ ಆಳುತ್ತಿದ್ದ ಡೆಲವೇರ್‌ಗೆ ಬೇರೆ ತುಂಡಿಲ್ಲ. ದಕ್ಷಿಣದ ತುದಿಯ ಜಾರ್ಜಿಯವಂತೂ ಬಾಲದಲ್ಲಿಯೂ ಇಲ್ಲ. ಇವೆಲ್ಲ ಮುದ್ರಣಕಾರನ ಲೆಕ್ಕಾಚಾರ ಎನ್ನೋಣ. ಆದರೆ ಆಲ್ಬನಿಯ ಸಭೆಗೆ ಇನ್ನೂ ಕೆಲವರು ಬಂದಿದ್ದರು: ಇರೊಕ್ವಾಯ್ ಒಕ್ಕೂಟದ ಆರು ಮೂಲನಿವಾಸಿ ಜನಾಂಗಗಳ ಮುಖಂಡರು. ಆರು ಜನಾಂಗಗಳು ಇಂಥ ಒಕ್ಕೂಟವನ್ನು ಕಟ್ಟಿ ಉಳಿಸಿಕೊಂಡಿರುವಾಗ ಇಂಗ್ಲಿಷ್ ವಸಾಹತುಗಳಿಗೇಕೆ ಆಗದು ಎಂದು ಫ್ರಾಂಕ್ಲಿನ್ನನೇ 1751ರ ಪತ್ರವೊಂದರಲ್ಲಿ ಕೇಳಿದ್ದನು. ಅದೇ ಪತ್ರದಲ್ಲಿ ಅವರನ್ನು ತಿಳಿವಿಲ್ಲದ ಕಾಡುಜನರೆಂದೂ ಕರೆದಿದ್ದನು. ಕೂಡಿ ಬಾಳುವುದಕ್ಕೆ ಕಣ್ಣೆದುರಿಗಿದ್ದ ದೃಷ್ಟಾಂತ ಅವರದು. ಹಾವಿನ ಮೈಯಲ್ಲಿ ಅವರಿಗೆ ಒಂದು ತುಂಡೂ ಇಲ್ಲ.

ಹನ್ನೊಂದು ವರ್ಷ ಕಳೆದ ಮೇಲೆ ಅದೇ ಹಾವು ಬೇರೆ ಮಾತನ್ನಾಡಿತು. 1765ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ವಸಾಹತುಗಳ ಕಾಗದಪತ್ರ, ಪತ್ರಿಕೆ, ಇಸ್ಪೀಟು ಎಲೆಗಳ ಮೇಲೆಲ್ಲ ಮುದ್ರೆಯ ಕರವನ್ನು ಹೇರಿತು. ಆ ಸೆಪ್ಟೆಂಬರಿನಲ್ಲಿ ಹೊರಟ ‘ಕಾನ್‌ಸ್ಟಿಟ್ಯೂಷನಲ್ ಕೊರಂಟ್’ ಎಂಬ ಪತ್ರಿಕೆಯ ನೆತ್ತಿಯ ಮೇಲೆ ತುಂಡಾದ ಹಾವು ಮತ್ತೆ ಕಾಣಿಸಿಕೊಂಡಿತು. ಅದೇ ಬರಹ. ಆದರೆ 1754ರಲ್ಲಿ ಬ್ರಿಟನ್ನಿನ ಪ್ರಜೆಗಳಾಗಿ ಫ್ರೆಂಚರ ವಿರುದ್ಧ ಕೂಡಿರೆಂದಿದ್ದ ಹಾವು ಈಗ ಬ್ರಿಟನ್ನಿನ ವಿರುದ್ಧವೇ ಕೂಡಿರೆಂದು ಹೇಳತೊಡಗಿತು. ಅದನ್ನು ಹುಟ್ಟಿಸಿದ ಫ್ರಾಂಕ್ಲಿನ್ ಆ ಹೊತ್ತಿಗೆ ಲಂಡನ್ನಿನಲ್ಲಿ ಕುಳಿತು ಸಂಧಾನದ ದಾರಿ ಹುಡುಕುತ್ತಿದ್ದನು! ಮಗನು ಬೆಳೆದು ಮನೆ ಬಿಟ್ಟ ಮೇಲೆ ತಂದೆಯ ಮಾತು ಕೇಳಬೇಕೆಂದೇನೂ ಇಲ್ಲವಷ್ಟೆ.

ಲಂಡನ್ನಿನಲ್ಲಿ ಅವನು ಬೇರೊಂದು ಚಿತ್ರವನ್ನು ಮಾಡಿಸಿದನು. ಮುದ್ರೆಯ ಕರವನ್ನು ತೆಗೆಯಬೇಕೆ ಬೇಡವೆ ಎಂಬ ಚರ್ಚೆ ನಡೆಯುತ್ತಿದ್ದ 1766ರ ಮೊದಲ ತಿಂಗಳುಗಳಲ್ಲಿ ಅದನ್ನು ಸಣ್ಣ ಕಾರ್ಡುಗಳ ಮೇಲೆ ಅಚ್ಚು ಹಾಕಿಸಿ, ಅವುಗಳಲ್ಲಿಯೇ ತನ್ನ ಓಲೆಗಳನ್ನು ಬರೆದು ಕಳುಹಿಸುತ್ತಿದ್ದನು. ಬ್ರಿಟನ್ನಿನ ಅಧಿದೇವತೆ ಬ್ರಿಟಾನಿಯ ನೆಲದ ಮೇಲೆ ಭೂಗೋಳಕ್ಕೆ ಒರಗಿ ಕುಳಿತಿದ್ದಾಳೆ. ಅವಳಿಗೆ ಕೈಗಳಿಲ್ಲ, ಕಾಲುಗಳಿಲ್ಲ. ಕಡಿದುಬಿದ್ದ ಅಂಗಗಳ ಮೇಲೆ ವರ್ಜೀನಿಯ, ಪೆನ್ಸಿಲ್ವೇನಿಯ, ನ್ಯೂಯಾರ್ಕ್, ನ್ಯೂ ಇಂಗ್ಲೆಂಡ್ ಎಂದು ಬರೆದಿದೆ. ಗುರಾಣಿ, ಈಟಿಗಳು ಪಕ್ಕದಲ್ಲಿ ಬಿದ್ದಿವೆ. ಹಿಂದೆ ನಿಂತ ಹಡಗುಗಳ ಕೂವೆಮರದ ತುದಿಗೆ ಕಸಪೊರಕೆಗಳನ್ನು ಕಟ್ಟಿದೆ. ನಾವು ಇದನ್ನು ದೃಷ್ಟಿ ತಗಲದಿರಲೆಂದು ಕಟ್ಟಿದ್ದಾರೆ ಎಂದುಕೊಂಡೇವು; ಅಲ್ಲಿಯ ನಾವಿಕರ ರೂಢಿಯಲ್ಲಿ ಅದರ ಅರ್ಥ ‘ಹಡಗು ಮಾರಾಟಕ್ಕಿದೆ’ ಎಂದು. ವಸಾಹತುಗಳ ವ್ಯಾಪಾರ ನಿಂತರೆ ಹಡಗಿಗೇನು ಕೆಲಸ? ಅಡ್ಡಲಾಗಿ ಲ್ಯಾಟಿನ್ ಭಾಷೆಯಲ್ಲಿ ಒಂದು ಬೇಡಿಕೆ: ಬೆಲಿಸಾರಿಯಸನಿಗೆ ಒಂದು ಕಾಸು ನೀಡಿರಿ. ರೋಮಿನ ಚಕ್ರವರ್ತಿ ಜಸ್ಟಿನಿಯನ್ನನಿಗೆ ರಾಜ್ಯಗಳನ್ನು ಗೆದ್ದುಕೊಟ್ಟ ಮಹಾಸೇನಾನಿ ಕೊನೆಗೆ ಕಣ್ಣು ಕಳೆದುಕೊಂಡು ತಿರಿದುಂಡನೆಂಬ ಐತಿಹ್ಯ ಆ ಮಾತಿನ ಹಿಂದಿದೆ.

ಎರಡು ಚಿತ್ರಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. ಎರಡರಲ್ಲಿಯೂ ಇರುವುದು ಕಡಿದ ದೇಹವೇ. ಹಾವಿನ ಚಿತ್ರದಲ್ಲಿ ಸಾಯುವುದು ತುಂಡುಗಳು, ಅಂದರೆ ವಸಾಹತುಗಳು. ಈ ಚಿತ್ರದಲ್ಲಿ ಸಾಯುವುದು ಮುಂಡ, ಅಂದರೆ ತಾಯ್ನಾಡು. ಅಮೆರಿಕದ ಓದುಗನಿಗೆ ‘ನಿನಗೆ ಕೇಡು’ ಎಂದು ಹೇಳಬೇಕಾಗಿತ್ತು. ಲಂಡನ್ನಿನ ಓದುಗನಿಗೆ ‘ಕೇಡು ನಿನಗೇ’ ಎಂದು ಹೇಳಬೇಕಾಗಿತ್ತು. ಫ್ರಾಂಕ್ಲಿನ್ ಅಲಂಕಾರಶಾಸ್ತ್ರವನ್ನು ಓದಿದವನಲ್ಲ. ಆದರೆ ಕೇಳುವವನಾರೆಂಬುದನ್ನು ಅವನಷ್ಟು ಚೆನ್ನಾಗಿ ಅರಿತವರು ವಿರಳ. ಆ ಮಾರ್ಚಿಯಲ್ಲಿ ಕರ ರದ್ದಾಯಿತು. ಕಾರ್ಡಿನಿಂದಲೇ ಆಯಿತೆಂದು ಹೇಳುವವನು ನಾನಲ್ಲ. ಬ್ರಿಟಿಷ್ ವರ್ತಕರ ಗೋಳೇ ಸಾಕಷ್ಟು ದೊಡ್ಡದಾಗಿತ್ತು.

ಹಾವಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 1774ರ ಜುಲೈಯಲ್ಲಿ ಬಾಸ್ಟನ್ನಿನ ‘ಮ್ಯಾಸಚೂಸೆಟ್ಸ್ ಸ್ಪೈ’ ಪತ್ರಿಕೆಯ ಶಿರೋಭಾಗಕ್ಕೆ ಪಾಲ್ ರಿವೇರ್ ಎಂಬ ಬೆಳ್ಳಿಕೆಲಸಗಾರನು ಹಾವನ್ನು ಹೊಸದಾಗಿ ಕೆತ್ತಿಕೊಟ್ಟನು. ಅಲ್ಲಿ ಜಾರ್ಜಿಯಕ್ಕೂ ಒಂದು ತುಂಡು ಸಿಕ್ಕಿದೆ. ಹಾವು ಬ್ರಿಟನ್ ಎಂಬ ಘಟಸರ್ಪದೆದುರು ಹೆಡೆಮುರಿದು ನಿಂತಿದೆ. ದೊರೆಯ ಪಕ್ಷದವರು ಸುಮ್ಮನಿರುವರೆ? ಬೈಬಲಿನ ಮೊದಲ ಪುಟಗಳಲ್ಲಿ ಮನುಷ್ಯನನ್ನು ಕೆಡಿಸಿದುದು ಯಾವ ಪ್ರಾಣಿ, ನೀವೇ ನೆನೆದುಕೊಳ್ಳಿ ಎಂದು ತಮ್ಮ ಪತ್ರಿಕೆಗಳಲ್ಲಿ ಚುಚ್ಚಿದರು. ಕಪಟಿಗಳು ತಮಗೆ ಒಪ್ಪುವ ಲಾಂಛನವನ್ನೇ ಆರಿಸಿಕೊಂಡಿದ್ದಾರೆ ಎಂಬುದು ಅವರ ವಾದ. ನಾಗರಕಲ್ಲಿಗೆ ಹಾಲೆರೆಯುವ ನಮ್ಮ ಕಡೆಯವರು ಆ ಚಿತ್ರವನ್ನು ಕಂಡಿದ್ದರೆ ಮೊದಲು ಕೇಳುತ್ತಿದ್ದ ಪ್ರಶ್ನೆ ಬೇರೆ: ಹಾವನ್ನು ಕಡಿದ ಪಾಪ ಯಾರಿಗೆ?

ವಾದಕ್ಕೆ ಉತ್ತರ 1775ರ ಡಿಸೆಂಬರಿನಲ್ಲಿ ಬಂದಿತು. ‘ಪೆನ್ಸಿಲ್ವೇನಿಯ ಜರ್ನಲ್’ನಲ್ಲಿ ಹೆಸರು ಹಾಕದೆ ಬಂದ ಆ ಬರಹವನ್ನು ಫ್ರಾಂಕ್ಲಿನ್ನನದೆಂದೇ ಬಹುಮಟ್ಟಿಗೆ ನಂಬುತ್ತಾರೆ. ಹೊಸ ಪಡೆಯ ನಗಾರಿಯ ಮೇಲೆ ಬರೆದಿದ್ದ ಗಿಲಿಕೆ ಹಾವಿನ ಗುಣಗಳನ್ನು ಲೇಖಕನು ಒಂದೊಂದಾಗಿ ಎಣಿಸುತ್ತಾನೆ. ಈ ಜಾತಿಯ ಹಾವು ಅಮೆರಿಕವಲ್ಲದೆ ಬೇರೆಲ್ಲಿಯೂ ಇಲ್ಲ. ಅದಕ್ಕೆ ರೆಪ್ಪೆಗಳಿಲ್ಲ, ಆದುದರಿಂದ ಸದಾ ಎಚ್ಚರ. ತಾನಾಗಿ ಮೇಲೆ ಬೀಳುವುದಿಲ್ಲ; ಕೆಣಕಿದವರಿಗೆ ಸೋಲುವುದೂ ಇಲ್ಲ. ಬಾಲದಲ್ಲಿ ಹದಿಮೂರು ಗಿಲಿಕೆಗಳು. ಒಂದೇ ಆದರೆ ಸದ್ದಾಗದು, ಹದಿಮೂರೂ ಸೇರಿ ಅಲುಗಿದರೆ ಎಂಥ ಧೈರ್ಯಶಾಲಿಯೂ ಬೆಚ್ಚುವನು. ಶ್ಲೇಷೋಪಮೆಗೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆಯನ್ನು ತರಗತಿಯಲ್ಲಿ ಕೊಡುವುದು ಕಷ್ಟ. ಇದೇ ಫ್ರಾಂಕ್ಲಿನ್ 1751ರಲ್ಲಿ, ಇಂಗ್ಲೆಂಡು ತನ್ನ ಅಪರಾಧಿಗಳನ್ನು ಹಡಗಿನಲ್ಲಿ ತುಂಬಿ ಅಮೆರಿಕಕ್ಕೆ ಕಳುಹಿಸುತ್ತಿದ್ದುದಕ್ಕೆ ಪ್ರತಿಯಾಗಿ ಗಿಲಿಕೆ ಹಾವುಗಳನ್ನು ರವಾನಿಸಿ ಲಂಡನ್ನಿನ ಉದ್ಯಾನಗಳಲ್ಲಿ ಬಿಡೋಣವೆಂದು ಕುಚೋದ್ಯ ಮಾಡಿದ್ದನು. ಆಗ ಕೆಟ್ಟವರಿಗೆ ಸರಿಸಾಟಿಯಾಗಿದ್ದ ಹಾವು ಈಗ ಸದ್ಗುಣಗಳ ಗಣಿ! ಹಾವು ಬದಲಾಗಿರಲಿಲ್ಲ.

ಇಲ್ಲಿಯವರೆಗೆ ನೋಡಿದ ಚಿತ್ರಗಳಲ್ಲಿ ಒಂದು ಪ್ರಾಮಾಣಿಕತೆಯಿದೆ. ತುಂಡಾದ ಹಾವನ್ನಾಗಲಿ ಕೈಕಾಲಿಲ್ಲದ ದೇವಿಯನ್ನಾಗಲಿ ನಡೆದ ಸಂಗತಿಯೆಂದು ಯಾರೂ ನಂಬುವುದಿಲ್ಲ. ಸಂಕೇತವು ತಾನು ಸಂಕೇತವೆಂದು ಮೊದಲೇ ಹೇಳಿಕೊಳ್ಳುತ್ತದೆ. ಹಾಗೆ ಹೇಳದೆ, ಕಣ್ಣಾರೆ ಕಂಡ ಸಾಕ್ಷಿಯ ವೇಷ ತೊಟ್ಟು ಬರುವ ಚಿತ್ರದ ಮಾತೇ ಬೇರೆ.

1770ರ ಮಾರ್ಚ್ 5ರ ರಾತ್ರಿ ಬಾಸ್ಟನ್ನಿನ ಸುಂಕದ ಕಟ್ಟೆಯೆದುರು ಬ್ರಿಟಿಷ್ ಸಿಪಾಯಿಗಳು ಜನರ ಮೇಲೆ ಗುಂಡು ಹಾರಿಸಿದರು. ಐದು ಮಂದಿ ಸತ್ತರು. ಮೂರು ವಾರದೊಳಗಾಗಿ ಪಾಲ್ ರಿವೇರನು ತಾಮ್ರದ ತಗಡಿನಲ್ಲಿ ಕೆತ್ತಿದ ಚಿತ್ರವೊಂದು ಮಾರಾಟಕ್ಕೆ ಬಂದಿತು. ಅದರಲ್ಲಿ ಸಿಪಾಯಿಗಳು ಕವಾಯತಿನಲ್ಲಿರುವಂತೆ ಸಾಲಾಗಿ ನಿಂತಿದ್ದಾರೆ. ಹಿಂದೆ ಅವರ ನಾಯಕ ಪ್ರೆಸ್ಟನ್ ಕತ್ತಿಯೆತ್ತಿ ಆಜ್ಞೆ ಕೊಡುತ್ತಿದ್ದಾನೆ. ಎದುರಿಗೆ ಬರಿಗೈಯ ನಾಗರಿಕರು. ನೆಲದ ಮೇಲೆ ಹಿಮದ ಸುಳಿವಿಲ್ಲ. ಗಲಭೆಯಲ್ಲಿ ತೂರಿಬಂದ ಹಿಮದುಂಡೆಗಳೂ ದೊಣ್ಣೆಗಳೂ ಇಲ್ಲ. ಸುಂಕದ ಕಟ್ಟಡದ ಹಣೆಯ ಮೇಲೆ ‘ಕಟುಕರ ಮಂದಿರ’ ಎಂಬ ಫಲಕ. ಅಂಥ ಫಲಕ ಅಲ್ಲಿ ಇರಲಿಲ್ಲ. ಮುಂಭಾಗದಲ್ಲಿ ಒಂದು ಪುಟ್ಟ ನಾಯಿ ಈ ಗದ್ದಲಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ನಿಂತಿದೆ. ನಾಯಿಯೆಂದರೆ ನಿಷ್ಠೆ ಎಂದು ಕೆಲವರು ಅರ್ಥ ಹೇಳುತ್ತಾರೆ. ಎಲ್ಲದಕ್ಕೂ ಅರ್ಥ ಹಚ್ಚಲೇಬೇಕೆಂಬ ಹಟ ನನಗಿಲ್ಲ. ಬೀದಿಯಲ್ಲಿ ನಾಯಿಯಿದ್ದುದರಿಂದ ನಾಯಿಯನ್ನು ಬರೆದಿರಬಹುದು.

ನಡೆದದ್ದೇನು? ಆಜ್ಞೆ ಕೊಟ್ಟನೆಂಬುದು ಸಿದ್ಧವಾಗಲಿಲ್ಲ. ಮುಂದೆ ಅಮೆರಿಕದ ಅಧ್ಯಕ್ಷನಾದ ಜಾನ್ ಆಡಮ್ಸನೇ ಸಿಪಾಯಿಗಳ ಪರವಾಗಿ ವಾದಿಸಿದನು. ಪ್ರೆಸ್ಟನ್ ಬಿಡುಗಡೆಯಾದನು. ಎಂಟು ಸಿಪಾಯಿಗಳಲ್ಲಿ ಆರು ಮಂದಿ ನಿರ್ದೋಷಿಗಳೆಂದಾಯಿತು. ಇಬ್ಬರಿಗೆ ಹೆಬ್ಬೆರಳಿನ ಮೇಲೆ ಬರೆ. ವಿಚಾರಣೆಯಲ್ಲಿ ಆಡಮ್ಸನ ಜೊತೆಗಿದ್ದ ವಕೀಲ ಜೊಸಾಯ ಕ್ವಿನ್ಸಿ ಪಂಚರಿಗೆ ಒಂದು ಎಚ್ಚರಿಕೆ ಕೊಟ್ಟನು. ಮನೆಮನೆಗಳಲ್ಲಿ ತೂಗುಹಾಕಿದ ಚಿತ್ರಗಳು ಕಲ್ಪನೆಗೆ ರೆಕ್ಕೆ ಕಟ್ಟಿವೆ. ಆವೇಶದಲ್ಲಿ ವಿವೇಕವು ಕೈತಪ್ಪುವ ಅಪಾಯವುಂಟು ಎಂಬುದು ಅವನ ಮಾತಿನ ಸಾರ. ಒಂದು ಚಿತ್ರದ ಅರ್ಥವನ್ನು ಬಿಡಿಸುವುದು ಪಂಡಿತರ ಕಾಲಹರಣವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅಲ್ಲಿ ಎಂಟು ಮಂದಿಯ ಕೊರಳು ತೂಗಾಡುತ್ತಿತ್ತು.

ಇನ್ನೊಂದು ಸಂಗತಿ. ಆ ರಾತ್ರಿ ಮೊದಲು ಬಿದ್ದವರಲ್ಲಿ ಒಬ್ಬನು ಕ್ರಿಸ್ಪಸ್ ಅಟಕ್ಸ್; ಆಫ್ರಿಕದ ಮತ್ತು ಅಮೆರಿಕದ ಮೂಲನಿವಾಸಿಗಳ ರಕ್ತ ಕೂಡಿದ ನಾವಿಕ. ರಿವೇರನ ಚಿತ್ರದಲ್ಲಿ ಸತ್ತವರೆಲ್ಲರ ಮುಖವೂ ಬಿಳಿಯದೇ. ಕೆಳಗಡೆ ಅವನ ಹೆಸರು ಅಚ್ಚಾಗಿದೆ, ಮುಖವಿಲ್ಲ. ರಚನೆಯೂ ರಿವೇರನ ಸ್ವಂತದ್ದಲ್ಲವೆನ್ನಿ. ಹೆನ್ರಿ ಪೆಲಮ್ ಎಂಬ ತರುಣ ಚಿತ್ರಗಾರನು ಬರೆದುದನ್ನು ನೋಡಿ ಕೆತ್ತಿ ತಾನೇ ಮೊದಲು ಮಾರಿದನು. ಹೆದ್ದಾರಿಯಲ್ಲಿ ದರೋಡೆ ಮಾಡಿದಂತಾಯಿತೆಂದು ಪೆಲಮ್ ಅವನಿಗೆ ಬರೆದ ಪತ್ರ ಉಳಿದುಬಂದಿದೆ.

ನಾಲ್ಕು ವರ್ಷಗಳ ತರುವಾಯ ರಿವೇರ್ ಮತ್ತೊಂದನ್ನು ನಕಲು ಮಾಡಿದನು. ಈ ಬಾರಿ ಲಂಡನ್ನಿನ ಮಾಸಪತ್ರಿಕೆಯೊಂದರಿಂದ. ಯುರೋಪಿನ ಚಿತ್ರಗಾರರು ಭೂಖಂಡಗಳನ್ನು ನಾಲ್ವರು ಹೆಂಗಸರಂತೆ ಬರೆಯುತ್ತಿದ್ದರು. ಅಮೆರಿಕವೆಂದರೆ ಗರಿಗಳ ಕಿರೀಟ ತೊಟ್ಟ ಮೂಲನಿವಾಸಿ ಸ್ತ್ರೀ. 1774ರ ಈ ಚಿತ್ರದಲ್ಲಿ ಅವಳನ್ನು ನೆಲಕ್ಕೆ ಕೆಡವಿದ್ದಾರೆ. ಪ್ರಧಾನಿ ಲಾರ್ಡ್ ನಾರ್ತ್ ಅವಳ ಬಾಯಿಗೆ ಚಹ ಸುರಿಯುತ್ತಿದ್ದಾನೆ. ನ್ಯಾಯಾಧೀಶನ ನಿಲುವಂಗಿ ತೊಟ್ಟ ಮ್ಯಾನ್ಸ್‌ಫೀಲ್ಡ್ ತೋಳುಗಳನ್ನು, ಸ್ಯಾಂಡ್‌ವಿಚ್ ಪ್ರಭು ಕಾಲುಗಳನ್ನು ಹಿಡಿದಿದ್ದಾರೆ. ನಾರ್ತನ ಜೇಬಿನಿಂದ ಬಾಸ್ಟನ್ ಬಂದರನ್ನು ಮುಚ್ಚುವ ಶಾಸನ ಇಣುಕುತ್ತಿದೆ. ಬ್ರಿಟಾನಿಯ ಮುಖ ಮುಚ್ಚಿಕೊಂಡು ಅತ್ತ ತಿರುಗಿದ್ದಾಳೆ. ಕೆಳಗೆ ಬಿದ್ದವಳು ಮಾತ್ರ ಚಹವನ್ನು ನಾರ್ತನ ಮುಖಕ್ಕೇ ಉಗುಳುತ್ತಿದ್ದಾಳೆ.

ಆ ಚಹದ ಒಂದು ಎಳೆ ನಮ್ಮ ಮೈಸೂರಿನವರೆಗೆ ಬರುತ್ತದೆ. ಅದು ಈಸ್ಟ್ ಇಂಡಿಯಾ ಕಂಪನಿಯ ಸರಕು. 1769ರಲ್ಲಿ ಹೈದರನ ದಂಡಯಾತ್ರೆಯ ಸುದ್ದಿ ಲಂಡನ್ನಿಗೆ ಮುಟ್ಟಿದಾಗ ಕಂಪನಿಯ ಷೇರುಗಳು ಕುಸಿದಿದ್ದವು. ಬಂಗಾಳದ ಕ್ಷಾಮ, 1772ರ ಹಣದ ಮುಗ್ಗಟ್ಟು ಅದರ ಹಿಂದೆಯೇ ಬಂದವು. ಕಂಪನಿಯನ್ನು ಮೇಲೆತ್ತಲೆಂದು 1773ರಲ್ಲಿ ಪಾರ್ಲಿಮೆಂಟು ಮಾಡಿದ ಚಹದ ಶಾಸನವೇ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹ ನೀರುಪಾಲಾಗಲು ಕಾರಣ. 1782ರಲ್ಲಿ ಪೆನ್ಸಿಲ್ವೇನಿಯದವರು ಒಂದು ಯುದ್ಧದ ಹಡಗಿಗೆ ‘ಹೈದರ್ ಆಲಿ’ ಎಂದೇ ಹೆಸರಿಟ್ಟರು. ಅದು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿಯಿತು. ಅವರಾರೂ ಹೈದರನನ್ನು ಕಂಡವರಲ್ಲ. ಶತ್ರುವಿನ ಶತ್ರುವೆಂಬ ಒಂದೇ ಗುಣಕ್ಕಾಗಿ ಅವನ ಹೆಸರು ಅಲ್ಲಿ ಲಾಂಛನವಾಯಿತು.

ಗರಿ ತೊಟ್ಟ ಆ ಹೆಂಗಸಿನ ಮಾತಿಗೆ ಹಿಂದಿರುಗೋಣ. ಚಹವನ್ನು ಸಮುದ್ರಕ್ಕೆ ಸುರಿದ ಬಾಸ್ಟನ್ನಿಗರೂ ಮೋಹಾಕ್ ಜನಾಂಗದವರ ವೇಷ ಹಾಕಿಕೊಂಡೇ ಹೋಗಿದ್ದರು. ತಾವು ಇಂಗ್ಲಿಷರಲ್ಲ, ಈ ಮಣ್ಣಿನವರು ಎಂದು ಹೇಳಿಕೊಳ್ಳಲು ವಸಾಹತಿನವರಿಗೆ ಮೂಲನಿವಾಸಿಯ ಮೈ, ಗರಿ, ಬಣ್ಣ ಬೇಕಾಗಿದ್ದವು. ಮೋಹಾಕರು ಸೇರಿದ ಆರು ಜನಾಂಗಗಳಲ್ಲಿ ಹೆಚ್ಚಿನವು ಯುದ್ಧದಲ್ಲಿ ಬ್ರಿಟಿಷರ ಕಡೆ ನಿಂತಾಗ, 1779ರಲ್ಲಿ ವಾಷಿಂಗ್ಟನ್ ಕಳುಹಿಸಿದ ದಂಡು ಅವರ ಸುಮಾರು ನಲವತ್ತು ಊರುಗಳನ್ನೂ ಬೆಳೆದುನಿಂತ ಹೊಲಗಳನ್ನೂ ಸುಟ್ಟಿತು. ಚಿತ್ರದಲ್ಲಿ ಅವಳ ಮೇಲೆ ಆಗುವ ಬಲಾತ್ಕಾರವನ್ನು ಕಂಡು ಕೆರಳಿದ ಕಣ್ಣುಗಳು ಈ ಹೊಗೆಯನ್ನು ಕಂಡು ಕೆರಳಿದಂತೆ ತೋರುವುದಿಲ್ಲ. ರೂಪಕದಲ್ಲಿ ಉಪಮೇಯವು ಉಪಮಾನವನ್ನು ನುಂಗಿಬಿಟ್ಟಿತೆಂದು ಶಾಸ್ತ್ರದ ಮಾತಿನಲ್ಲಿ ಹೇಳಬಹುದು. ಆದರೆ ಇಲ್ಲಿ ಶಾಸ್ತ್ರದ ಮಾತು ತೀರ ತಣ್ಣಗಿದೆ.

ಇನ್ನು ಕೊನೆಯದಾಗಿ ಒಂದು ಚಿತ್ರ. ಇದರಲ್ಲಿ ನಗೆಯೂ ಉಂಟು. ಸ್ವಾತಂತ್ರ್ಯ ಬಂದು, ಸಂವಿಧಾನ ನಡೆಗೆ ಬಂದು, ಪಕ್ಷಗಳು ಹುಟ್ಟಿದ್ದ ಕಾಲ. ಮ್ಯಾಸಚೂಸೆಟ್ಸಿನ ರಾಜ್ಯಪಾಲನಾಗಿದ್ದ ಎಲ್‌ಬ್ರಿಜ್ ಗೆರಿ 1812ರ ಫೆಬ್ರವರಿಯಲ್ಲಿ ಒಂದು ಶಾಸನಕ್ಕೆ ಸಹಿ ಹಾಕಿದನು. ತನ್ನ ಪಕ್ಷಕ್ಕೆ ಅನುಕೂಲವಾಗುವಂತೆ ಸೆನೆಟ್ ಕ್ಷೇತ್ರಗಳ ಎಲ್ಲೆಗಳನ್ನು ಅಂಕುಡೊಂಕಾಗಿ ಎಳೆದ ಶಾಸನವದು. ಎಸೆಕ್ಸ್ ಜಿಲ್ಲೆಯ ಒಂದು ಕ್ಷೇತ್ರವಂತೂ ಊರೂರನ್ನು ಸುತ್ತಿ ಬಳಸಿ ಕೊಕ್ಕೆಯಂತೆ ಬಾಗಿತ್ತು. ಮಾರ್ಚ್ 26ರ ‘ಬಾಸ್ಟನ್ ಗೆಜೆಟ್’ ಆ ಕ್ಷೇತ್ರದ ನಕ್ಷೆಯನ್ನೇ ಅಚ್ಚು ಹಾಕಿ, ಅದಕ್ಕೆ ರೆಕ್ಕೆ, ಉಗುರು, ಹಲ್ಲುಗಳನ್ನು ಮಾತ್ರ ಸೇರಿಸಿತು. ಒಂದು ವಿಕಾರ ಮೃಗ ಎದ್ದು ನಿಂತಿತು. ಬೆಂಕಿಯಲ್ಲಿ ಬದುಕುವುದೆಂದು ಹಿಂದಿನವರು ನಂಬಿದ್ದ ಸಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಹೆಸರಿಗೆ ರಾಜ್ಯಪಾಲನ ಹೆಸರನ್ನು ಕಸಿಮಾಡಿ ‘ಗೆರಿಮ್ಯಾಂಡರ್’ ಎಂದು ಕರೆದರು.

ಈ ಚಿತ್ರದ ಮೇಲ್ಮೆಯೆಂದರೆ ಅದರ ಮೈಯೆಲ್ಲ ಸತ್ಯ. ಎಲ್ಲೆಗಳು ಶಾಸನದಲ್ಲಿದ್ದಂತೆಯೇ ಇವೆ; ಊರುಗಳ ಹೆಸರುಗಳೂ ಅಲ್ಲಲ್ಲಿಯೇ ಇವೆ. ರೆಕ್ಕೆಯಷ್ಟೇ ಕಲ್ಪನೆ, ಅದು ಕಲ್ಪನೆಯೆಂದು ಮಗುವಿಗೂ ಗೊತ್ತು. ರಿವೇರನ ಚಿತ್ರದಲ್ಲಿ ಇದು ತಿರುವುಮುರುವು: ಅಲ್ಲಿ ಎಲ್ಲವೂ ನಿಜದಂತೆ ತೋರುತ್ತದೆ, ಸುಳ್ಳು ಎಲ್ಲಿ ಸೇರಿತೆಂಬುದು ಕಾಣುವುದಿಲ್ಲ. ಉತ್ಪ್ರೇಕ್ಷೆ ಮಾಡುವವನನ್ನು ನಂಬಬಹುದು. ವರದಿ ಮಾಡುವಂತೆ ನಟಿಸುವವನನ್ನು ಎರಡು ಸಲ ನೋಡಬೇಕು.

ಆ ವರ್ಷದ ಚುನಾವಣೆಯಲ್ಲಿ ಎದುರು ಪಕ್ಷದವರಿಗೆ 51,766 ಮತಗಳು ಬಂದವು, ಗೆರಿಯ ಪಕ್ಷಕ್ಕೆ 50,164. ಸೆನೆಟ್ಟಿನ 40 ಸ್ಥಾನಗಳಲ್ಲಿ ಮಾತ್ರ ಗೆರಿಯ ಪಕ್ಷಕ್ಕೆ 29, ಎದುರು ಪಕ್ಷಕ್ಕೆ 11. ಮೃಗ ತನ್ನ ಕೆಲಸ ಮಾಡಿತ್ತು. ರಾಜ್ಯಪಾಲನ ಪದವಿಗೆ ಇಡೀ ರಾಜ್ಯವೇ ಒಂದು ಕ್ಷೇತ್ರ. ಅಲ್ಲಿ ಎಲ್ಲೆಯ ಆಟ ನಡೆಯದು. ಗೆರಿ ಸೋತನು. ಮರುವರ್ಷ ಸಂಯುಕ್ತ ಸಂಸ್ಥಾನದ ಉಪಾಧ್ಯಕ್ಷನಾಗಿ, 1814ರಲ್ಲಿ ತೀರಿಕೊಂಡನು. ಸ್ವಾತಂತ್ರ್ಯದ ಘೋಷಣೆಗೆ ರುಜು ಹಾಕಿದವರಲ್ಲಿ ಅವನೂ ಒಬ್ಬ; ಅದನ್ನು ನೆನೆಯುವವರು ಕಡಿಮೆ. ತನ್ನ ಹೆಸರನ್ನು ಅವನು ಗಕಾರದಿಂದ ‘ಗೆರಿ’ ಎಂದು ಉಚ್ಚರಿಸುತ್ತಿದ್ದನು. ಕ್ಷೇತ್ರಗಳ ಎಲ್ಲೆಯನ್ನು ತಿರುಚುವ ಕೆಲಸಕ್ಕೆ ಅವನ ಹೆಸರೇ ಇಂದಿಗೂ ಉಳಿದಿದೆ. ಆದರೆ ಅಮೆರಿಕನ್ನರ ಬಾಯಲ್ಲಿ ಅದು ಈಗ ‘ಜೆರಿಮ್ಯಾಂಡರ್’.